ಹೈಮ್‌ದಾಲನ ಕಿಟಕಿಯ ದೀಪ

ಸಲ್ವೋರ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಕಾರ್ಫೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಬಾಯಿ ಇದೆ. ಆ ಕೋಪ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಎಲ್ಲರೂ ತಮ್ಮ ಕಾಫಿ ಬಟ್ಟಲಿನೊಳಗೆ ಇಣುಕುತ್ತಾರೆ.

ನಲವತ್ತೊಂದು ವರ್ಷದ ಹೆಂಗಸು. ಗಿಡ್ಡ ಆಳು, ದಪ್ಪ ಕೈ. ಬೆಳಿಗ್ಗೆ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುತ್ತಾಳೆ. ಮಧ್ಯಾಹ್ನ ಅದೇ ಉಣ್ಣೆಯ ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕಿಕೊಂಡು, ಕೆಂಪು ಅಳತೆಗೋಲು ಮತ್ತು ಸಲಿಕೆ ಹೊತ್ತು ಬೆಟ್ಟಕ್ಕೆ ಹೋಗುತ್ತಾಳೆ. ಹಿಮ ಎಷ್ಟು ಬಿದ್ದಿದೆ, ಗಾಳಿ ಅದನ್ನು ಎಲ್ಲಿಗೆ ಒಯ್ದು ಸುರಿದಿದೆ, ಕೆಳಗಿನ ಪದರ ಗಟ್ಟಿ ಇದೆಯೋ ಪೊಳ್ಳೋ ಎಂದು ನೋಡಿ ರಾಜಧಾನಿಗೆ ಫೋನ್ ಮಾಡಿ ಹೇಳುವುದು ಅವಳ ಎರಡನೆಯ ಕೆಲಸ. ಹತ್ತೊಂಬತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಅವಳನ್ನು ಮದುವೆಯಾಗಿದ್ದವನು ಮೂರು ಚಳಿಗಾಲ ನೋಡಿ, "ನಾನು ಹೆಂಗಸನ್ನ ಕಟ್ಕೊಂಡೆ ಅಂದ್ಕೊಂಡಿದ್ದೆ, ಇದು ಥರ್ಮಾಮೀಟರು" ಎಂದು ಹೇಳಿ ದಕ್ಷಿಣಕ್ಕೆ ಹೋದ. ಅವಳು ತಡೆಯಲಿಲ್ಲ. ಆ ದಿನವೂ ಬೆಟ್ಟಕ್ಕೆ ಹೋಗಿ ಬಂದಳು.

ಊರಿನ ಬೆನ್ನಿಗೆ ಇರುವ ಬೆಟ್ಟಕ್ಕೆ ಮುದುಕಿ ಎಂದು ಹೆಸರು. ಕುಕ್ಕರುಗಾಲಲ್ಲಿ ಕೂತ ಮುದುಕಿಯ ಹಾಗೇ ಇದೆ. ಅವಳ ಮಡಿಲಿನಂಥ ಕೊರಕಲಿನಲ್ಲಿ ಈಶಾನ್ಯದ ಗಾಳಿ ಹಿಮ ತುಂಬುತ್ತದೆ. ಮಡಿಲಿನ ನೇರ ಕೆಳಗೆ ಮೇಲುಬೀದಿ. ಹದಿನೇಳು ಮನೆ. ಬೆಟ್ಟಕ್ಕೆ ಎಲ್ಲಕ್ಕಿಂತ ಹತ್ತಿರದ ಮೊದಲ ಮನೆ ಹೈಮ್‌ದಾಲನದು.

ಸ್ಕಾರ್ಫೇರಿಯಲ್ಲಿ ದೇವರುಗಳಿಗೆ ಬರವಿಲ್ಲ, ಉತ್ತರದ ಹಳೆಯ ದೇವರುಗಳು ಜನರ ನಡುವೆಯೇ ಮನೆ ಮಾಡಿಕೊಂಡಿದ್ದಾರೆ. ಬಂದರಿನ ಬಳಿ ಗ್ಯಾರೇಜು ಇಟ್ಟುಕೊಂಡಿರುವವನು ಥೋರ್. ಸುತ್ತಿಗೆ ಎತ್ತಿದನೆಂದರೆ ಬೋಲ್ಟು ಸಡಿಲಾಗುತ್ತದೆ, ಇಲ್ಲವೇ ಇಂಜಿನ್ನೇ ಎರಡಾಗುತ್ತದೆ. ಫ್ರೇಯಾ ದೇವಿಯ ಬೆಕ್ಕುಗಳು ಕಾರ್ಖಾನೆಯ ಹಿತ್ತಲಲ್ಲಿ ಮೀನು ಕದಿಯುತ್ತವೆ, ಯಾರೂ ಕಲ್ಲು ಹೊಡೆಯುವಂತಿಲ್ಲ. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಒಂಟಿಕಣ್ಣಿನ ಓಡಿನ್ ಟೋಪಿ ತೆಗೆಯದೆ ಕೂತಿರುತ್ತಾನೆ. ಅವನ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಂಜೆಯವರೆಗೆ ಬಿಡುಗಡೆಯಿಲ್ಲ. ಇದುನ್ ತನ್ನ ಸೇಬಿನ ಪೆಟ್ಟಿಗೆ ಹೊತ್ತು ವಾರಕ್ಕೊಮ್ಮೆ ದೇವರ ಮನೆಗಳಿಗೆ ಮಾತ್ರ ಹಂಚಿ ಹೋಗುತ್ತಾಳೆ. ಅದನ್ನು ತಿಂದವರಿಗೆ ಮುಪ್ಪಿಲ್ಲ. ನಮಗೆ ಅಂಗಡಿಯ ಬುಟ್ಟಿಯಲ್ಲಿರುವ ಮೆತ್ತಗಾದ ಸೇಬು.

ಇರಲಿ. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎಂಬ ಗಾದೆ ಯಾವ ಊರಿನದೋ, ನಮಗೇ ಹೇಳಿ ಮಾಡಿಸಿದಂತಿದೆ.

ಹೈಮ್‌ದಾಲ್ ದೇವರುಗಳ ಕಾವಲುಗಾರ. ಒಂಬತ್ತು ತಾಯಂದಿರಿಗೆ ಒಬ್ಬನೇ ಮಗ. ಅಷ್ಟು ಜನ ಮುದ್ದು ಮಾಡಿದರೆ ಇನ್ನೇನಾಗುತ್ತದೆ. ಬಾಯಿ ತುಂಬ ಬಂಗಾರದ ಹಲ್ಲು. ನಿದ್ದೆ ಇಲ್ಲ. ಹುಲ್ಲು ಬೆಳೆಯುವ ಸದ್ದು, ಕುರಿಯ ಮೈಮೇಲೆ ಉಣ್ಣೆ ಬೆಳೆಯುವ ಸದ್ದು ಅವನಿಗೆ ಕೇಳಿಸುತ್ತದೆ. ಗೋಡೆಗೆ ಒಂದು ಕಹಳೆ ತೂಗುಹಾಕಿದ್ದಾನೆ. ಅದನ್ನು ಊದುವುದು ಒಂದೇ ಸಲ, ಲೋಕ ಮುಳುಗುವ ದಿನ. ಅಲ್ಲಿಯವರೆಗೆ ಕಿಟಕಿಯ ಮುಂದೆ ದೀಪ ಇಟ್ಟುಕೊಂಡು, ಕಾಫಿ ಕುಡಿಯುತ್ತ, ಬೀದಿಗೆ ಮುಖ ಮಾಡಿ ಕೂತಿರುತ್ತಾನೆ.

ಮೇಲುಬೀದಿಯವರು ಹುಟ್ಟಿದಾಗಿನಿಂದ ಆ ಕಿಟಕಿ ನೋಡಿಕೊಂಡೇ ಬೆಳೆದವರು. ಹಿಮಗಾಳಿ ಜೋರಾದರೆ ಪರದೆ ಸರಿಸಿ ನೋಡುತ್ತಾರೆ. ದೀಪ ಇದೆ, ಹೈಮ್‌ದಾಲ್ ಕೂತಿದ್ದಾನೆ. ಅವನಿಗೆ ಕೇಳಿಸದ್ದು ಯಾವುದಿದೆ? ಅಪಾಯ ಇದ್ದರೆ ಅವನು ಕೂತಿರುತ್ತಿದ್ದನೇ? ಪರದೆ ಎಳೆದು ಮಲಗುತ್ತಾರೆ.

ಸಲ್ವೋರಳ ತಾಯಿ ಗ್ರೋವಾ ಕೂಡ ಹಾಗೇ ಮಾಡಿದಳು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಅವರ ಮನೆ ಹೈಮ್‌ದಾಲನ ಮನೆಯ ಪಕ್ಕದ್ದೇ. ಮೂರು ದಿನ ಹಿಮ ಬಿದ್ದಿತ್ತು. "ಚರ್ಚಿಗೆ ಇಳಿದು ಹೋಗೋಣ ಅಮ್ಮ" ಎಂದು ಹದಿನೇಳರ ಸಲ್ವೋರ್ ಹೇಳಿದ್ದಳು. ಗ್ರೋವಾ ಕಿಟಕಿಯಾಚೆ ಬೆರಳು ತೋರಿಸಿ, "ಅವನು ಕೂತಿಲ್ವೇನೆ? ಸುಮ್ನೆ ಗಂಜಿ ಕುಡಿ" ಎಂದಳು. ಸಲ್ವೋರ್ ಓಟ್ಸ್ ಗಂಜಿ ಕುಡಿದು ಕಾರ್ಖಾನೆಗೆ ಹೋದಳು. ಅವಳು ಮೊದಲನೆಯ ಮೀನು ಸೀಳುವ ಹೊತ್ತಿಗೆ ಮುದುಕಿ ಮಡಿಲು ಕೊಡವಿದಳು, ಬೆಟ್ಟದ ಹಿಮವೆಲ್ಲ ಮೇಲುಬೀದಿಯ ಮೇಲೆ ಬಿತ್ತು.

ಹನ್ನೊಂದು ಜನ ಸತ್ತರು. ಅದರಲ್ಲಿ ಗ್ರೋವಾ, ಮತ್ತೆ ಹನ್ನೆರಡು ವರ್ಷದ ತಂಗಿ ಊನಾ. ಹೈಮ್‌ದಾಲನ ಮನೆಯೂ ನುಚ್ಚುನೂರಾಯಿತು. ಅವನು ಮಾತ್ರ ಹೆಗಲ ಮೇಲಿನ ಹಿಮ ಕೊಡವಿಕೊಂಡು, ಬಟ್ಟಲು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದ. ದೇವರಿಗೆ ಹಿಮ ಏನು ಮಾಡುತ್ತದೆ? ಅವನು ಜಾಗ ಬಿಡದಿದ್ದದ್ದು ಅಪಾಯ ಇರಲಿಲ್ಲವೆಂದಲ್ಲ, ಅಪಾಯ ಅವನದಲ್ಲವೆಂದು. ಇಷ್ಟು ಸಣ್ಣ ಮಾತನ್ನು ಊರಿಗೆ ಊರೇ ಯೋಚಿಸಲಿಲ್ಲ.

ಜನ ಉದ್ದನೆಯ ಕೋಲು ಚುಚ್ಚಿ ಚುಚ್ಚಿ ಹುಡುಕುತ್ತಿದ್ದಾಗ ಸಲ್ವೋರ್ ಅವನ ಅಂಗಿ ಹಿಡಿದು ಜಗ್ಗಿದ್ದಳು. "ಎಲ್ಲಿದಾರೆ ಹೇಳು! ನಿನಗೆ ಕೇಳಿಸತ್ತಲ್ಲ, ಎಲ್ಲಿ ಅಗೀಬೇಕು ಹೇಳು!" ಅವನು ಹೇಳಿದ್ದು ಒಂದೇ ಮಾತು: "ನಾನು ಕೇಳಿಸ್ಕೊಳ್ಳೋನು. ಹೇಳೋನಲ್ಲ." ತಾಯಿ ಮಗಳು ಮರುದಿನ ಸಿಕ್ಕರು. ಹಿಮದೊಳಗೆ ಕೆಲವು ಗಂಟೆ ಬದುಕಿದ್ದರು ಎಂದು ಡಾಕ್ಟರು ಹೇಳಿದರು.

ಬೇಸಿಗೆಯಲ್ಲಿ ಊರಿನವರು ಮನೆಗಳನ್ನು ಮತ್ತೆ ಕಟ್ಟಿದರು. ಮೊದಲು ಕಟ್ಟಿದ್ದು ಯಾರ ಮನೆ? ಹೈಮ್‌ದಾಲನದು. ಬೆಟ್ಟಕ್ಕೂ ಬೀದಿಗೂ ನಡುವೆ ತಡೆಗೋಡೆ ಬೇಕೆಂಬ ಮಾತು ಪಂಚಾಯತಿಗೆ ನಾಲ್ಕು ಸಲ ಬಂತು. ನಾಲ್ಕು ಸಲವೂ ಬಿದ್ದುಹೋಯಿತು. ಈಗಿನ ಅಧ್ಯಕ್ಷ ಸ್ತುರ್ಲಾ, ಅವನೂ ಮೇಲುಬೀದಿಯವನೇ, ಕಳೆದ ಸಲ ಎದ್ದು ನಿಂತು ಹೇಳಿದ: "ಕಾವಲು ದೇವರು ಇರೋ ಬೀದಿಗೆ ಗೋಡೆ ಕಟ್ಟಿದ್ರೆ ಅವನಿಗೆ ಅವಮಾನ." ಬದಲಿಗೆ ಚೆಂಡಾಟಕ್ಕೆ ಮುಚ್ಚಿದ ಮೈದಾನ ಕಟ್ಟಿದರು. ಸಲ್ವೋರ್ ಆ ಸಭೆಯಿಂದ ಎದ್ದು ಬಾಗಿಲು ಬಡಿದು ಹೋದ ಹೊಡೆತಕ್ಕೆ ಚಿಲಕ ಕಿತ್ತು ಬಂತು. ಆ ಚಿಲಕದ ಬಗ್ಗೆ ಊರು ಇನ್ನೂ ಮಾತಾಡುತ್ತದೆ. ಗೋಡೆಯ ಬಗ್ಗೆ ಮಾತಿಲ್ಲ.

ಈ ವರ್ಷ ಜನವರಿಯಲ್ಲಿ ನಾಲ್ಕು ದಿನ ಈಶಾನ್ಯದ ಗಾಳಿ ಬಿಟ್ಟೂಬಿಡದೆ ಬೀಸಿತು. ಎರಡನೆಯ ದಿನ ಘಾಟಿ ರಸ್ತೆ ಮುಚ್ಚಿತು, ಮೂರನೆಯ ದಿನ ಕರೆಂಟು ಹೋಯಿತು, ನಾಲ್ಕನೆಯ ಬೆಳಿಗ್ಗೆ ಫೋನೂ ಸತ್ತಿತು. ರಾಜಧಾನಿಯಿಂದ ಹೇಳುವವರಿಲ್ಲ, ಘಾಟಿಯಾಚೆಯಿಂದ ಪೊಲೀಸರು ಬರುವಂತಿಲ್ಲ. ಹನ್ನೊಂದು ಗಂಟೆಗೆ ಬೆಳಕು ಮೂಡಿ ಗಾಳಿ ಒಂದಿಷ್ಟು ಇಳಿದಾಗ ಸಲ್ವೋರ್ ಮಡಿಲಿನ ಅಂಚಿನಲ್ಲಿ ಎದೆಯಾಳದ ಗುಂಡಿ ತೋಡಿದಳು.

ಕೆಳಗೆ, ಮೊಣಕಾಲಿನ ಮಟ್ಟದಲ್ಲಿ, ಹಿಮ ದಪ್ಪ ಸಕ್ಕರೆಯ ಹಾಗೆ ಪುಡಿಪುಡಿಯಾಗಿತ್ತು. ಅದರ ಮೇಲೆ ಗಾಳಿ ತಂದ ಗಟ್ಟಿ ಹಿಮದ ಹೊರೆ. ಸಲಿಕೆಯಿಂದ ಕಂಬದ ಹಾಗೆ ಒಂದು ತುಂಡು ಕೊರೆದು, ಅದರ ಮೇಲೆ ಸಲಿಕೆ ಮಲಗಿಸಿ, ಬೆರಳ ತುದಿಯಿಂದ ತಟ್ಟಿದಳು. ಮೊದಲು ಬೆರಳಿಂದ ಹತ್ತು, ಆಮೇಲೆ ಮುಂಗೈಯಿಂದ ಹತ್ತು, ಕೊನೆಗೆ ತೋಳಿನಿಂದ ಹತ್ತು ತಟ್ಟುವುದು ಲೆಕ್ಕ. ಬೆರಳಿನ ಮೂರನೆಯ ತಟ್ಟಿಗೇ ಮೇಲಿನ ಹೊರೆ ನುಣ್ಣಗೆ ಜಾರಿ ಅವಳ ಮಂಡಿಯ ಮೇಲೆ ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ತಟ್ಟು ಕಡಿಮೆಯಾದಷ್ಟೂ ಅಪಾಯ ಹತ್ತಿರ.

ಇಳಿದು ಬಂದು ಮನೆ ಮನೆಗೆ ಹೋದಳು. ಸ್ತುರ್ಲಾ ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಬೆಣ್ಣೆ ಹಚ್ಚಿದ ಒಣಮೀನು ಕಚ್ಚುತ್ತ ಕೇಳಿದ.

"ಈಗಲೇ ಬೀಳತ್ತೆ ಅಂತೀಯ?"

"ಈಗಲೋ, ಇವತ್ತೋ. ಎಲ್ಲಾರೂ ಚರ್ಚಿನ ಹಾಲಿಗೆ ಇಳೀಬೇಕು. ಹಾಸಿಗೆ ತಗೊಳ್ಳಿ, ಬೇರೇನೂ ಬೇಡ."

ಸ್ತುರ್ಲಾ ಅವಳ ತಲೆಯ ಮೇಲಿಂದ ಬೀದಿಯ ತುದಿಗೆ ನೋಡಿದ. "ಹೈಮ್‌ದಾಲ್ ಕೂತಿದಾನಲ್ಲ."

"ಅವನು ಸಾಯಲ್ಲ ಕಣೋ! ನೀನು ಸಾಯ್ತೀಯ!"

"ಕೂಗಾಡ್ಬೇಡ ಸಲ್ವೋರ್. ಪ್ರತಿ ಚಳಿಗಾಲ ನಿಂದು ಇದೇ ಹಾಡು."

ಹಾಡಂತೆ. ಪಕ್ಕದ ಮನೆಯ ಮಾಲ್ಫ್ರಿದ್, ಗ್ರೋವಾಳ ಗೆಳತಿ, ಎಂಬತ್ತೆರಡು ವರ್ಷದ ಮುದುಕಿ, ಇನ್ನೂ ಮೃದುವಾಗಿ ಹೇಳಿದಳು: "ಒಳಗೆ ಬಾರೇ ಚಿನ್ನ, ಕೈ ಬಿಸಿ ಮಾಡ್ಕೋ. ನಿನ್ನ ದುಃಖ ನನಗೆ ಗೊತ್ತು. ಆದ್ರೆ ನೋಡು, ದೀಪ ಇದೆ." ಮೃದುವಾಗಿ ಹೇಳಿದ್ದೇ ಸಲ್ವೋರ್‌ಗೆ ಹೆಚ್ಚು ಉರಿಯಿತು. ಹದಿನಾರು ಮನೆ, ನಲವತ್ತಮೂರು ಜನ, ಒಬ್ಬರೂ ಕದಲಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅವಳ ಹತ್ತೊಂಬತ್ತು ವರ್ಷದ ಗುಂಡಿಗಳಿಗಿಂತ ಒಂದು ಕಿಟಕಿಯ ದೀಪ ದೊಡ್ಡದಾಯಿತು.

ಎರಡು ಗಂಟೆ ದಾಟಿತ್ತು. ಬೆಳಕು ಆಗಲೇ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಸಲ್ವೋರ್ ಮೊದಲನೆಯ ಮನೆಯ ಕಡೆ ನಡೆದಳು. ಇಪ್ಪತ್ತನಾಲ್ಕು ವರ್ಷ ಅವಳು ಆ ಹೊಸ್ತಿಲು ತುಳಿದಿರಲಿಲ್ಲ.

ಬಾಗಿಲು ತಟ್ಟುವ ಮುಂಚೆಯೇ ತೆರೆಯಿತು. "ನೀನು ಗುಂಡಿ ತೋಡ್ತಿದ್ದಾಗ್ಲೇ ಕಾಫಿಗಿಟ್ಟೆ" ಎಂದ ಹೈಮ್‌ದಾಲ್. "ಬಾ. ಬೂಟು ಬಿಚ್ಚು."

ಈ ಊರಲ್ಲಿ ಬೂಟು ಬಿಚ್ಚದೆ ಇನ್ನೊಬ್ಬರ ಮನೆಯೊಳಗೆ ಕಾಲಿಡುವುದು ಮುಖಕ್ಕೆ ಉಗಿದ ಹಾಗೆ. ಸಲ್ವೋರ್ ಹಿಮ ಮೆತ್ತಿದ ಬೂಟಿನಲ್ಲೇ ಅಡುಗೆಮನೆಯವರೆಗೆ ನಡೆದಳು. ನೆಲದ ಮೇಲೆ ಕೆಸರು ನೀರಿನ ಹೆಜ್ಜೆಗಳು ಸಾಲಾಗಿ ಮೂಡಿದವು. ಹೈಮ್‌ದಾಲ್ ಅವನ್ನು ನೋಡಿದ, ಬಟ್ಟಲು ಹಿಡಿದು ಕಿಟಕಿಯ ಬಳಿ ಕೂತ.

"ಮೇಲೆ ಏನು ಕೇಳಿಸ್ತಿದೆ?"

"ಎಲ್ಲಾ ಕೇಳಿಸ್ತಿದೆ."

"ಬೀಳತ್ತಾ?"

"ನಾನು ಕೇಳಿಸ್ಕೊಳ್ಳೋನು..."

"ಹೇಳೋನಲ್ಲ. ಗೊತ್ತು. ಆ ಹಾಡು ನನಗೂ ಬಾಯಿಪಾಠ ಇದೆ." ಸಲ್ವೋರ್ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಹಿಡಿಯದಿದ್ದರೆ ಕೈ ಬೇರೆಲ್ಲಿಗೋ ಹೋಗುತ್ತಿತ್ತು. "ಕಹಳೆ ಊದು ಅಂತ ಕೇಳೋಕೆ ಬಂದಿಲ್ಲ. ನಿನ್ನ ಲೋಕ ಮುಳುಗದೇ ಇರ್ಲಿ. ಬಾಯಿ ಬಿಡೋದೂ ಬೇಡ. ಎದ್ದು, ಈ ಮನೆ ಬಿಟ್ಟು, ಚರ್ಚಿನ ಹಾಲಿಗೆ ಬಾ. ಅಷ್ಟೇ. ನೀನು ಎದ್ದಿದ್ದು ನೋಡಿದ್ರೆ ನಲವತ್ತಮೂರು ಜನಾನೂ ಎದ್ದೇಳ್ತಾರೆ."

"ಕಾವಲುಗಾರ ಜಾಗ ಬಿಡಲ್ಲ, ಸಲ್ವೋರ್."

"ಯಾರನ್ನ ಕಾಯ್ತಿದೀಯ?"

"ಯಾರಿಗೂ 'ಇರಿ' ಅಂತ ನಾನು ಹೇಳಿಲ್ಲ. ಅವರು ಹಾಗೆ ತಿಳ್ಕೊಂಡ್ರೆ ನನ್ನ ತಪ್ಪಾ?"

ಆಗ ಸಲ್ವೋರಳ ಕಣ್ಣು ಕಿಟಕಿಯ ದೀಪದ ಮೇಲೆ ಬಿತ್ತು. ಹಿತ್ತಾಳೆಯ ಎಣ್ಣೆದೀಪ, ಉಜ್ಜಿ ಉಜ್ಜಿ ಹೊಳೆಯುವಂತೆ ಇಟ್ಟದ್ದು. ಹುಟ್ಟಿದಾಗಿನಿಂದ ನೋಡಿದ ದೀಪ. ಹತ್ತಿರದಿಂದ ಗಮನಿಸಿದ್ದು ಇದೇ ಮೊದಲು.

"ರಾತ್ರಿಯ ಕತ್ತಲಲ್ಲಿ ನೂರು ಹರದಾರಿ ಕಾಣ್ಸತ್ತಂತೆ ನಿನಗೆ" ಎಂದಳು. "ಮತ್ತೆ ದೀಪ ಯಾಕೋ?"

ಹೈಮ್‌ದಾಲ್ ಬಟ್ಟಲು ಕೆಳಗಿಟ್ಟ. ಸಲ್ವೋರ್ ತಾನೇ ಉತ್ತರ ಹೇಳಿದಳು.

"ನೋಡೋಕಲ್ಲ ಇದು. ಕಾಣಿಸ್ಕೊಳ್ಳೋಕೆ! ಅವರು ಪರದೆ ಸರಿಸಿ ನಿನ್ನ ಕಡೆ ನೋಡ್ಬೇಕು, ನಿನ್ನ ಹೆಸರು ಹೇಳ್ಕೊಂಡು ಮಲಗ್ಬೇಕು. ಅದು ಬೇಕು ನಿನಗೆ. ಅವರ ನಂಬಿಕೆ ಬೇಕು, ಅವರ ಜೀವದ ಹೊಣೆ ಬೇಡ. ಥೂ!"

ಹೊರಗೆ ಗಾಳಿ ಮತ್ತೆ ಏರುತ್ತಿತ್ತು. ಹೈಮ್‌ದಾಲ್ ಮೆಲ್ಲಗೆ ಹೇಳಿದ: "ನಿನ್ನ ಅಮ್ಮ ಏನಂದ್ಲು ಅಂತ ನೀನು ಯಾವತ್ತೂ ಕೇಳಿಲ್ಲ. ಹಿಮದ ಕೆಳಗೆ ಐದು ಗಂಟೆ ಮಾತಾಡಿದ್ಲು. ಪ್ರತಿ ಮಾತೂ ನನ್ನ ಹತ್ರ ಇದೆ. ಕೂತ್ಕೋ, ಹೇಳ್ತೀನಿ."

ಕೇಳಬೇಕೆಂದು ಸಲ್ವೋರ್ ಎಷ್ಟು ಸಲ ಈ ಬಾಗಿಲಿನವರೆಗೆ ಬಂದು ತಿರುಗಿ ಹೋಗಿದ್ದಳೋ ಅವನಿಗೆ ಗೊತ್ತು, ಆ ಹೆಜ್ಜೆಗಳೂ ಕೇಳಿಸಿರಬೇಕಲ್ಲ. ಎದುರಿಗೆ ಕುರ್ಚಿ ಇತ್ತು. ಕೂತರೆ ಅಮ್ಮನ ಮಾತು ಸಿಗುತ್ತಿತ್ತು. ಕೂತರೆ ಇದ್ದ ಬೆಳಕೂ ಹೋಗುತ್ತಿತ್ತು.

"ಈಗ ಬೇಡ" ಎಂದಳು. "ಮತ್ತೆ ಆ ಮಾತು ನನಗೊಬ್ಬಳಿಗೆ ಕಿವೀಲಿ ಹೇಳೋದಲ್ಲ."

ಕಿಟಕಿಗೆ ಹೋಗಿ, ದೀಪವನ್ನು ಊದಿ ಆರಿಸಿ, ಕೈಗೆತ್ತಿಕೊಂಡಳು. "ಬೇಕಿದ್ರೆ ಕಿತ್ಕೋ."

ಬೆಟ್ಟವನ್ನೇ ಎತ್ತಬಲ್ಲ ದೇವರು. ಏಳಲಿಲ್ಲ. ಕತ್ತಲಾದ ಅಡುಗೆಮನೆಯಲ್ಲಿ ಕೂತೇ ಇದ್ದ.

ಸಲ್ವೋರ್ ಬದುಕಿನಲ್ಲಿ ಸುಳ್ಳು ಹೇಳಿದವಳಲ್ಲ. ಅದಕ್ಕೇ ಅವಳಿಗೆ ಊರಲ್ಲಿ ಗೆಳತಿಯರು ಕಡಿಮೆ. ಅಂದು ಆ ಬೀದಿಯ ಉದ್ದಕ್ಕೂ ಸುಳ್ಳು ಹೇಳಿಕೊಂಡು ಓಡಿದಳು. ಸ್ತುರ್ಲಾನ ಬಾಗಿಲಿಗೆ ದೀಪವನ್ನೇ ಎತ್ತಿ ಹಿಡಿದಳು. "ನೋಡು. ಯಾರದು ಇದು? ಹೈಮ್‌ದಾಲ್ ಇಳಿದು ಹೋದ. ಹಿಂದಿನ ದಾರೀಲಿ ಚರ್ಚಿಗೆ ಹೋದ. ದೀಪ ನನ್ನ ಕೈಗೆ ಕೊಟ್ಟ."

ಸ್ತುರ್ಲಾ ಕಿಟಕಿ ನೋಡಿದ. ಕತ್ತಲು. ಅವನ ಬಾಯಲ್ಲಿದ್ದ ಒಣಮೀನು ಹಾಗೇ ನಿಂತಿತು. "ಏ! ಎಲ್ಲಾ ಏಳ್ರೋ! ಹಾಸಿಗೆ ಬಿಡ್ರಿ, ಬೂಟು ಹಾಕ್ಕೊಳ್ರಿ!" ಎಂದು ಒಳಕ್ಕೆ ಕಿರುಚಿದ. ಎರಡು ಗಂಟೆಯ ಮುಂಚೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿತ್ತು ಅವಳ ಮಾತು. ಈಗ ಮಾತೇ ಬೇಕಾಗಲಿಲ್ಲ. ಐದೇ ನಿಮಿಷದಲ್ಲಿ ಬೀದಿಯಲ್ಲಿ ಟಾರ್ಚುಗಳು, ಕಂಬಳಿ ಹೊದ್ದ ಮಕ್ಕಳು, ಬುಟ್ಟಿಯಲ್ಲಿ ಬೆಕ್ಕು. ಜನ ಜೀವ ಉಳಿಸಿಕೊಳ್ಳಲು ಓಡುತ್ತಿದ್ದದ್ದನ್ನು ನೋಡಿ ಸಲ್ವೋರ್‌ಗೆ ಸಂತೋಷವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. ಅಮ್ಮನೂ ಹೀಗೆ ಓಡುತ್ತಿದ್ದಳು, ಅಂದು ಯಾರಾದರೂ ಈ ದೀಪ ಕಿತ್ತುಕೊಂಡಿದ್ದರೆ.

ಮಾಲ್ಫ್ರಿದ್ ಮಾತ್ರ ತನ್ನ ಗೇಟಿನಲ್ಲಿ ನಿಂತಳು. "ನನಗೆ ಹೇಳ್ದೆ ಹೋಗ್ತಾನಾ ಅವನು? ಅರವತ್ತು ವರ್ಷದ ನೆರೆಮನೆ." ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಬೀದಿಯ ತುದಿಗೆ ಕೂಗಿದಳು: "ಹೈಮ್‌ದಾಲ್! ಒಳಗಿದೀಯೇನೋ?"

ಓಡುತ್ತಿದ್ದವರೆಲ್ಲ ನಿಂತರು. ಸಲ್ವೋರ್ ದೀಪವನ್ನು ಎದೆಗೆ ಒತ್ತಿ ಹಿಡಿದಳು. ಅವನು 'ಇದೀನಿ' ಎಂದರೆ ಸಾಕು, ನಲವತ್ತಮೂರು ಜನ ತಿರುಗಿ ಹೋಗಿ ಸ್ಟವ್ ಹಚ್ಚುತ್ತಾರೆ. ಪಿಸುಮಾತನ್ನೂ ಕೇಳಿಸಿಕೊಳ್ಳುವವನಿಗೆ ಈ ಕೂಗು ಕೇಳದಿರಲು ಸಾಧ್ಯವೇ ಇಲ್ಲ.

"ಹೈಮ್‌ದಾಲ್!"

ಗಾಳಿ ಬಿಟ್ಟರೆ ಏನೂ ಇಲ್ಲ.

"ಹೋಗಿದಾನೆ" ಎಂದಳು ಮಾಲ್ಫ್ರಿದ್. ಸಲ್ವೋರ್ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿದಳು.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಚರ್ಚಿನ ಹಾಲಿನ ಕಿಟಕಿಗಳೆಲ್ಲ ಒಮ್ಮೆಗೇ ಅದುರಿದವು, ಗೋಪುರದ ಗಂಟೆ ತನ್ನಷ್ಟಕ್ಕೆ ಒಂದು ಸಲ ಬಡಿದುಕೊಂಡಿತು. ಅದಾದ ಮೇಲೆ ಬಂದ ಸದ್ದನ್ನು ಆ ಊರಿನ ಮೂವತ್ತು ದಾಟಿದ ಎಲ್ಲರೂ ಗುರುತಿಸಿದರು. ಯಾರೋ ಮಕ್ಕಳ ಕಿವಿ ಮುಚ್ಚಿದರು. ಸಲ್ವೋರ್ ತಲೆ ಎಣಿಸಿದಳು, ಮತ್ತೆ ಎಣಿಸಿದಳು. ನಲವತ್ತಮೂರು.

ಒಂಬತ್ತು ಮನೆ ಹೋಗಿದ್ದವು. ಬೆಳಿಗ್ಗೆ ಜನ ಮೇಲೆ ಹತ್ತಿದಾಗ ಹೈಮ್‌ದಾಲ್ ತನ್ನ ಮನೆ ಇದ್ದ ಜಾಗದಲ್ಲಿ ನಿಂತಿದ್ದ, ಹೆಗಲ ಮೇಲೆ ಹಿಮ. ಅವನು ಚರ್ಚಿನಲ್ಲಿ ಇರಲೇ ಇಲ್ಲವಲ್ಲ ಎಂದು ಒಬ್ಬರಿಗಾದರೂ ಹೊಳೆಯಿತೇ? ಹೊಳೆದವರು 'ನಮ್ಮ ಮನೆ ನೋಡೋಕೆ ನಮಗಿಂತ ಮುಂಚೆ ಬಂದಿದಾನೆ' ಎಂದುಕೊಂಡರು. ನಂಬಬೇಕೆಂದು ಹಟ ಹಿಡಿದವರಿಗೆ ದಾರಿ ನೂರು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಅವನಿಗೆ ಕಂಬಳಿ ತಂದರು, ಕಾಫಿ ತಂದರು. ಸ್ತುರ್ಲಾ ಅವನ ಕೈಹಿಡಿದು ಅತ್ತ. ಸಲ್ವೋರ್ ಕಾರ್ಖಾನೆಗೆ ಹೋಗಿ, ಕರೆಂಟಿಲ್ಲದಿದ್ದರೂ, ಮಂಜುಗಡ್ಡೆಯಲ್ಲಿದ್ದ ಮೀನು ಸೀಳುತ್ತ ನಿಂತಳು. ಆ ಚಾಕು ಮೀನಿನ ಮೇಲಷ್ಟೇ ಓಡಿದ್ದು ಊರಿನ ಪುಣ್ಯ.

ಭಾನುವಾರ ಅದೇ ಹಾಲಿನಲ್ಲಿ ಸಭೆ. ಹಿಂದಿನ ಸಾಲಿನ ಬೆಂಚಿನಲ್ಲಿ ಹೈಮ್‌ದಾಲ್ ಕೂತಿದ್ದ, ಅವನ ತೊಡೆಯ ಮೇಲೆ ಮಾಲ್ಫ್ರಿದ್ ಕರಿದು ತಂದ ಕ್ಲೈನುರ್ ಎಂಬ ಸಿಹಿತಿಂಡಿಯ ತಟ್ಟೆ. ಸ್ತುರ್ಲಾ ಎದ್ದು ನಿಂತು, ದೀಪ ಆರಿಸಿ ನಲವತ್ತಮೂರು ಜೀವ ಉಳಿಸಿದ ಕಾವಲು ದೇವರಿಗೆ ಊರಿನ ಕೃತಜ್ಞತೆ ಎಂದ. ಬೇಸಿಗೆಯಲ್ಲಿ ಮೊದಲು ಅವನ ಮನೆ ಕಟ್ಟಬೇಕು ಎಂದ. ಗೋಡೆಯ ಮಾತು? ಅದರ ಅಗತ್ಯ ಇಲ್ಲವೆಂದು ಈಗ ಸಾಬೀತಾಗಿದೆ ಎಂದ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಎರಡು ಸಲ ಕೊಳ್ಳೆ ಹೋದ ಮೇಲೂ ಬಾಗಿಲು ಬೇಡ ಎನ್ನುತ್ತಿದ್ದರು.

ಸಲ್ವೋರ್ ಎದ್ದಳು. ದೀಪವನ್ನು ಮೇಜಿನ ಮೇಲೆ ಕುಕ್ಕಿದಳು. "ಅವನು ಎಲ್ಲಿಗೂ ಹೋಗಿರ್ಲಿಲ್ಲ. ಒಳಗೇ ಇದ್ದ. ದೀಪ ನಾನು ಆರಿಸಿ ಎತ್ಕೊಂಡು ಬಂದೆ. ನಿಮಗೆಲ್ಲಾ ಸುಳ್ಳು ಹೇಳಿದ್ದು ನಾನು."

ಹಾಲಿನಲ್ಲಿ ಗದ್ದಲ ಎದ್ದಿತು. "ಹೊಗಳಿಕೆ ನಿನಗೆ ಸಿಗ್ಬೇಕಿತ್ತು ಅಂತ ಹೊಟ್ಟೆಕಿಚ್ಚು" ಎಂದ ಸ್ತುರ್ಲಾ. "ಅಲ್ಲ ಕಣೇ ಚಿನ್ನ, ನಾನು ಎರಡು ಸಲ ಕೂಗಿದ್ನಲ್ಲ" ಎಂದಳು ಮಾಲ್ಫ್ರಿದ್. "ಒಳಗಿದ್ರೆ ಓ ಅಂತಿರ್ಲಿಲ್ವಾ?"

"ನನ್ನಮ್ಮನೂ ಕೂಗಿದ್ಲು" ಎಂದಳು ಸಲ್ವೋರ್.

ಗದ್ದಲ ನಿಂತಿತು. ಅವಳು ಹಿಂದಿನ ಬೆಂಚಿಗೆ ತಿರುಗಿದಳು. "ಮೊನ್ನೆ ಹೇಳ್ತೀನಿ ಅಂದ್ಯಲ್ಲ. ಈಗ ಹೇಳು. ಅಮ್ಮ ಏನಂದ್ಲು? ಇಲ್ಲಿ, ಇವರೆಲ್ಲರ ಮುಂದೆ. ನನ್ನ ಸಮಾಧಾನಕ್ಕಲ್ಲ. ಇವರು ಕೇಳ್ಬೇಕು."

ಹೈಮ್‌ದಾಲ್ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟು ಎದ್ದು ನಿಂತ. ಹಾಲಿನಲ್ಲಿ ಎಷ್ಟು ಎದೆ ಹೇಗೆ ಬಡಿದುಕೊಳ್ಳುತ್ತಿದೆ ಎಂಬುದೂ ಅವನಿಗೆ ಕೇಳಿಸುತ್ತಿದ್ದಿರಬೇಕು. ಮಾತಾಡಿದಾಗ ಅವನದೇ ಧ್ವನಿ. ಆದರೆ ಮಾತು ಗ್ರೋವಾಳದು, ಹಾಗೇ, ಒಂದಕ್ಷರ ಆಚೀಚೆ ಇಲ್ಲದೆ.

"'ಕೂಗಬೇಡ ಊನಾ. ಉಸಿರು ಉಳಿಸ್ಕೋ. ಹೈಮ್‌ದಾಲ್ ಪಕ್ಕದಲ್ಲೇ ಇದಾನೆ. ಹುಲ್ಲು ಬೆಳೆಯೋದು ಕೇಳಿಸ್ಕೊಳ್ಳೋನಿಗೆ ನಾವು ಕೇಳಿಸಲ್ವಾ? ಎಲ್ಲಿ ಅಗೀಬೇಕು ಅಂತ ಅವನೇ ತೋರಿಸ್ತಾನೆ. ಈಗ ಬರ್ತಾರೆ ನೋಡು.' ಅದನ್ನೇ ಹೇಳ್ತಾ ಇದ್ಲು. ಮೂರನೇ ಗಂಟೇಲಿ ಊನಾ ಸುಮ್ಮನಾದ್ಲು. ಆಮೇಲೆ ಗ್ರೋವಾ ಬೇರೇನೂ ಹೇಳ್ಲಿಲ್ಲ. ನನ್ನ ಹೆಸರು ಕರೀತಿದ್ಲು. ಐದನೇ ಗಂಟೆವರೆಗೂ."

ಕೊನೆಗೆ ತನ್ನ ಮಾತು ಸೇರಿಸಿದ: "ನಾನು ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ."

ಮತ್ತೆ ಮಾಲ್ಫ್ರಿದ್ ಕಡೆ ನೋಡಿ, "ಮೊನ್ನೆ ನೀನು ಕೂಗಿದಾಗ್ಲೂ ಒಳಗೇ ಇದ್ದೆ" ಎಂದು ಕೂತ.

ಮಾಲ್ಫ್ರಿದ್ ಕೋಲೂರಿಕೊಂಡು ಎದ್ದಳು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನಡೆಯಲು ಆ ಮುದುಕಿಗೆ ತುಂಬ ಹೊತ್ತು ಹಿಡಿಯಿತು. ಹೈಮ್‌ದಾಲನ ಪಕ್ಕದಲ್ಲಿದ್ದ ಕ್ಲೈನುರ್ ತಟ್ಟೆಯನ್ನು ಎತ್ತಿಕೊಂಡಳು. ಅದನ್ನು ತಂದು ಸಲ್ವೋರಳ ಕೈಯಲ್ಲಿಟ್ಟಳು. ತನ್ನ ಜಾಗಕ್ಕೆ ಹೋಗಿ ಕೂತಳು.

ಗೋಡೆಗೆ ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಎದ್ದವು. ಸ್ತುರ್ಲಾನದು ಕೊನೆಗೆ ಎದ್ದಿತು, ಆದರೂ ಎದ್ದಿತು.

ಗೋಡೆ ಮುಗಿಯಲು ಮೂರು ಬೇಸಿಗೆ ಬೇಕು. ಸಲ್ವೋರ್ ತನ್ನ ಕೆಳಬೀದಿಯ ಮನೆ ಬಿಟ್ಟು, ಮೇಲುಬೀದಿಯಲ್ಲಿ ಉಳಿದ ಎಂಟು ಮನೆಗಳಲ್ಲಿ ಬೆಟ್ಟಕ್ಕೆ ಹತ್ತಿರದ ಮನೆಗೆ ಬಂದಿದ್ದಾಳೆ. ಕಿಟಕಿಯಲ್ಲಿ ಆ ಹಿತ್ತಾಳೆಯ ದೀಪ. ಅದು ಆರಿದರೆ ಯಾರೂ ಯಾರನ್ನೂ ಕೇಳದೆ ಬೂಟು ಹಾಕಿಕೊಳ್ಳುತ್ತಾರೆ. ಹೈಮ್‌ದಾಲ್ ಒಂದು ದಿನ ಬಂದು ದೀಪ ಕೇಳಿದ. "ಕಹಳೆ ಇದೆಯಲ್ಲ, ಅದನ್ನ ಕಾಯ್ಕೊಂಡಿರು" ಎಂದು ಅವಳು ಬಾಗಿಲು ಹಾಕಿದಳು. ತಾಯಿಯ ಮಾತು ಸಿಕ್ಕಿದ ಮೇಲಾದರೂ ಕೋಪ ಇಳಿದೀತು ಎಂದುಕೊಂಡವರಿದ್ದರು. ಇಳಿದಿಲ್ಲ. ಯಾಕೆ ಇಳಿಯಬೇಕು?

ಮಾ‌ಲ್ಫ್ರಿದ್ ಒಮ್ಮೆ ಕಾಫಿಗೆ ಬಂದವಳು, ಬೂಟು ಬಿಚ್ಚುತ್ತ ಕೇಳಿದಳು: "ಒಬ್ಬಳೇ ಇಲ್ಲಿ ಮಲಗೋಕೆ ಭಯ ಆಗಲ್ವೇನೆ?"

"ಆಗತ್ತೆ. ದಿನಾ ಆಗತ್ತೆ" ಎಂದಳು ಸಲ್ವೋರ್. "ಅದಕ್ಕೇ ನಾನಿಲ್ಲಿರೋದು. ಕಾವಲಿಗೆ ಸಾಯೋರು ಬೇಕು, ಮಾಲ್ಫ್ರಿದ್. ಸಾಯದೇ ಇರೋನನ್ನ ಕೂರಿಸಿ ನೋಡಿದ್ದಾಯ್ತಲ್ಲ."